ಚೀನಾದಲ್ಲಿ ಕನ್‌ಫ್ಯೂಷಿಯಸ್ ಇನ್ನೂ ಬದುಕಿದ್ದಾನಾ, ಅಥವಾ ಬರೀ ಸರ್ಕಾರದ ಪೋಸ್ಟರಾ?

ಕಡ್ಲೆಪುರಿ ಕೇಳಿದ್ದು:
2013ರಲ್ಲಿ ಚೀನಾದಲ್ಲಿ ಒಂದು ಕಾನೂನು ಜಾರಿಗೆ ಬಂತು. ದೂರದ ಊರಲ್ಲಿರುವ ಮಕ್ಕಳು ವಯಸ್ಸಾದ ಅಪ್ಪ ಅಮ್ಮನನ್ನು ಆಗಾಗ ಹೋಗಿ ನೋಡಬೇಕಂತೆ. ಇದೆಲ್ಲ, ಅಪ್ಪ ಅಮ್ಮನನ್ನು ಗೌರವಿಸಬೇಕು ಅಂತ ಕಲಿಸಿದ ಪ್ರಾಚೀನ ಚೀನೀ ಗುರು ಕನ್‌ಫ್ಯೂಷಿಯಸ್‌ನ ಪ್ರಭಾವ ಅಂತಾರೆ. ಆದರೆ ಇದೇ ಕಮ್ಯುನಿಸ್ಟ್ ಪಕ್ಷದ ಆಡಳಿತದಲ್ಲಿ, 1966ರಲ್ಲಿ, ನಾಯಕ ಮಾವೋನ ವಿದ್ಯಾರ್ಥಿ ಪಡೆಗಳಾದ ರೆಡ್ ಗಾರ್ಡ್‌ಗಳು ಅವನ ಊರು ಚೂಫುಗೆ ನುಗ್ಗಿ ಅವನ ವಂಶದವರ ಗೋರಿಗಳನ್ನೇ ಅಗೆದು ಹಾಕಿದ್ದರಲ್ವಾ? ಅಷ್ಟು ದ್ವೇಷಿಸಿದವನನ್ನು ಈಗ ತಲೆ ಮೇಲೆ ಹೊತ್ತು ತಿರುಗುವುದು ನಾಟಕ ಅಲ್ಲದೆ ಇನ್ನೇನು?

ಹಳೇಸಿಲೇಟು:
ನಾಟಕ ಅನ್ನಿ, ಆದರೆ ಹೊಸ ನಾಟಕವಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದ್ದ ಹಾನ್ ವಂಶದ ಚಕ್ರವರ್ತಿ ವೂ ಕಾಲದಿಂದಲೂ ಅವನನ್ನು ಅರಮನೆಯೇ ಸಾಕಿದ್ದು. ಆಮೇಲೆ ಅಧಿಕಾರಿಯಾಗಬೇಕಾದರೆ ಅವನ ಗ್ರಂಥಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕಿತ್ತು. ಆ ಪರೀಕ್ಷೆ ರದ್ದಾಗಿದ್ದು 1905ರಲ್ಲಿ. ಈಗಿನ ಪಕ್ಷಕ್ಕೂ ಅವನನ್ನು ಎಲ್ಲಿ ಇಡಬೇಕು ಅಂತ ಗೊತ್ತಿಲ್ಲ ಅನಿಸುತ್ತದೆ. 2011ರ ಜನವರಿಯಲ್ಲಿ ಬೀಜಿಂಗ್‌ನ ಟಿಯಾನನ್ಮೆನ್ ಚೌಕದ ಪಕ್ಕ, ಮ್ಯೂಸಿಯಂ ಮುಂದೆ, ಅವನ 9.5 ಮೀಟರ್ ಎತ್ತರದ ಕಂಚಿನ ಪ್ರತಿಮೆ ನಿಲ್ಲಿಸಿದರು. ಮಾವೋ ಚಿತ್ರ ಅಲ್ಲಿಂದ ದೂರವೇನಿಲ್ಲ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪ್ರತಿಮೆ ಇಲ್ಲ, ಸದ್ದಿಲ್ಲದೆ ಒಳಗಿನ ಅಂಗಳಕ್ಕೆ ಸಾಗಿಸಿದ್ದರು.

ಮಳೆಹುಳ:
ಸರ್ಕಾರದ ಕಡೆಯಿಂದಲೇ ನೋಡುತ್ತಿದ್ದೀರಿ. ಕುರಿಯ ಕತೆ ಕೇಳಿ. ಒಬ್ಬ ದೊರೆ ಕನ್‌ಫ್ಯೂಷಿಯಸ್ ಹತ್ತಿರ ಜಂಬ ಕೊಚ್ಚಿಕೊಂಡ: ನಮ್ಮಲ್ಲಿ ಎಂಥ ಪ್ರಾಮಾಣಿಕರಿದ್ದಾರೆ ಅಂದರೆ, ಅಪ್ಪ ಕುರಿ ಕದ್ದರೆ ಮಗನೇ ಬಂದು ಸಾಕ್ಷಿ ಹೇಳುತ್ತಾನೆ. ಕನ್‌ಫ್ಯೂಷಿಯಸ್ ಒಪ್ಪಲಿಲ್ಲ. ನಮ್ಮ ಕಡೆ ಅಪ್ಪ ಮಗನನ್ನು, ಮಗ ಅಪ್ಪನನ್ನು ಕಾಪಾಡುತ್ತಾರೆ, ಪ್ರಾಮಾಣಿಕತೆ ಇರುವುದು ಅದರಲ್ಲೇ ಅಂದ. ರಾಜನಿಗೆ ಹಿತವಾಗುವ ಮಾತಾ ಇದು? ಆದರೂ ಟಾಂಗ್ ವಂಶದ ಕಾನೂನು ಇದನ್ನು ಒಪ್ಪಿಕೊಂಡಿತ್ತು, ರಾಜದ್ರೋಹದಂಥ ಅಪರಾಧ ಬಿಟ್ಟು.

1966ರಲ್ಲಿ ಮಾವೋ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಇದು ತಲೆಕೆಳಗಾಯಿತು, ಮಕ್ಕಳೇ ಸಭೆಯಲ್ಲಿ ನಿಂತು ಅಪ್ಪ ಅಮ್ಮನ ಮೇಲೆ ದೂರು ಹೇಳಿದರು. ಈಗ ನೋಡಿ, 2012ರಲ್ಲಿ ತಿದ್ದಿದ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ ಪ್ರಕಾರ ಆರೋಪಿಯ ಗಂಡ ಅಥವಾ ಹೆಂಡತಿ, ಅಪ್ಪ ಅಮ್ಮ, ಮಕ್ಕಳನ್ನು ಸಾಕ್ಷಿ ಹೇಳಲು ಕೋರ್ಟಿಗೆ ಬಲವಂತವಾಗಿ ಎಳೆದು ತರುವಂತಿಲ್ಲ. ಕೋರ್ಟಿಗೆ ಮಾತ್ರ, ಪೊಲೀಸ್ ವಿಚಾರಣೆಗೆ ಈ ರಿಯಾಯಿತಿ ಇಲ್ಲ. ಅರ್ಧ ಕುರಿ ವಾಪಸ್ ಬಂದಿದೆ ಅನ್ನಬಹುದು 😀

ಸೊಸೆಮುದ್ದು:
ಕುಟುಂಬ ಕುಟುಂಬ ಅಂತೀರಲ್ಲ, ಅದರಲ್ಲಿ ಹೆಣ್ಣು ಎಲ್ಲಿದ್ದಳು? ಆ ಪರೀಕ್ಷೆಗೆ ಹೆಂಗಸರು ಕೂರುವ ಹಾಗೇ ಇರಲಿಲ್ಲ. ಕನ್‌ಫ್ಯೂಷಿಯಸ್ ಮನೆತನದ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿದ್ದು 2009ರ ಆವೃತ್ತಿಯಲ್ಲಿ! ಅದರಲ್ಲಿ 20 ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ. ಅತ್ತೆ ಮಾವನ ಸೇವೆ ಮಾಡುತ್ತಿದ್ದವಳು ಸೊಸೆ, ಒಳ್ಳೆ ಮಗ ಅನ್ನೋ ಹೆಸರು ಮಾತ್ರ ಗಂಡನಿಗೆ.

ಕಡ್ಲೆಪುರಿ:
ಕುರಿ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ಅಪ್ಪ ಅಮ್ಮನನ್ನು ನೋಡುವ ಕಾನೂನು ನಿಜವಾಗಿ ನಡೆಯುತ್ತಾ?

ಮಳೆಹುಳ:
ನಡೆದಿದೆ. ಕಾನೂನು ಬಂದ ಹೊಸತರಲ್ಲೇ ವೂಶಿ ನಗರದ ಕೋರ್ಟು, ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ಹೋಗಿ ನೋಡು ಅಂತ ಮಗಳಿಗೆ ಆದೇಶ ಕೊಟ್ಟಿತು. ಸೊಸೆಮುದ್ದು ಹೇಳಿದ್ದು ಸರಿ, ಮಗಳನ್ನು ಲೆಕ್ಕಕ್ಕೆ ತಗೊಳ್ಳಲು ಈಗ ಯಾರೂ ಮರೆಯಲ್ಲ. ಕನ್‌ಫ್ಯೂಷಿಯಸ್ ಇದನ್ನು ಮೆಚ್ಚುತ್ತಿದ್ದನೋ ಇಲ್ಲವೋ. ಬರೀ ಊಟ ಹಾಕಿದರೆ ಆಯ್ತಾ, ನಾಯಿ ಕುದುರೆಗೂ ಹಾಕುತ್ತೇವೆ, ಗೌರವ ಇಲ್ಲದಿದ್ದರೆ ಏನು ವ್ಯತ್ಯಾಸ ಅಂತ ಕೇಳಿದವನು ಅವನು.

ಹಳೇಸಿಲೇಟು:
ನನಗೆ ಇದರಲ್ಲಿ ಕಾಣುವುದು ದುಡ್ಡಿನ ಲೆಕ್ಕ. 2015ರವರೆಗೆ ಇದ್ದ ಒಂದೇ ಮಗು ನೀತಿಯಿಂದ ಮಕ್ಕಳು ಕಡಿಮೆ, ಇರುವವರೂ ಶೆನ್‌ಜೆನ್, ಶಾಂಘೈ ಫ್ಯಾಕ್ಟರಿಗಳಲ್ಲಿ. ಹಳ್ಳಿಯ ಮುದುಕರಿಗೆ ಸಿಗುವ ಪಿಂಚಣಿ ನಗರದವರಿಗೆ ಹೋಲಿಸಿದರೆ ತೀರಾ ಕಡಿಮೆ. ಅದನ್ನು ಏರಿಸೋದಕ್ಕಿಂತ ಕನ್‌ಫ್ಯೂಷಿಯಸ್ ಹೆಸರು ಹೇಳೋದು ಅಗ್ಗ ಅಲ್ವಾ?