19 ಅಡಿ ಬೋಟಿಗೆ 60 ಎಚ್‌ಪಿ ಸಾಲದು, 90 ಹಾಕಿದ್ರೆ ಗಂಟೆಗೆ 60 ಕಿ.ಮೀ. ವೇಗ ಬರ್ತದಾ? ಅನುಭವ ಇದ್ದವರು ಹೇಳಿ

ಹಂಗಾರಕಟ್ಟೆ19
19 ಅಡಿ ತೆರೆದ ಫೈಬರ್ ಬೋಟು, ವಿ ತಳ. ಖಾಲಿ ಬೋಟು 620 ಕೆ.ಜಿ. (ಕಟ್ಟಿದವರು ಹೇಳಿದ್ದು). ಎಂಜಿನ್ 60 ಎಚ್‌ಪಿ ನಾಲ್ಕು ಸ್ಟ್ರೋಕ್, 115 ಕೆ.ಜಿ. 100 ಲೀಟರ್ ಪೆಟ್ರೋಲ್ ಅಂದ್ರೆ 75. ಬ್ಯಾಟರಿ, ಲಂಗರು, ಹಗ್ಗ, ಜಾಕೆಟ್ ಎಲ್ಲ ಸೇರಿ 60. ಇಬ್ಬರು ಜನ 150. ಒಟ್ಟು 1,020. ಪ್ರೊಪೆಲ್ಲರ್ ಅಲ್ಯೂಮಿನಿಯಂ, 13 ಪಿಚ್ (ಜಾರದಿದ್ರೆ ಒಂದು ಸುತ್ತಿಗೆ 13 ಇಂಚು ಮುಂದೆ), ಗೇರ್ 1.85 (ಎಂಜಿನ್ 1.85 ಸುತ್ತಿದ್ರೆ ಪ್ರೊಪೆಲ್ಲರ್ ಒಂದು ಸುತ್ತು). ಪೂರ್ತಿ ಥ್ರಾಟಲ್‌ಗೆ 4,900 ಆರ್‌ಪಿಎಂ, ಜಿಪಿಎಸ್‌ನಲ್ಲಿ 44 ಕಿ.ಮೀ. ಆರು ಜನ ಕೂತ್ರೆ 35. ಎಂಜಿನ್ ಕೂರುವ ಹಿಂದಿನ ಹಲಗೆಯ ತಟ್ಟೆಯಲ್ಲಿ ಗರಿಷ್ಠ 90 ಎಚ್‌ಪಿ ಅಂತ ಬರೆದುಂಟು. 90 ಹಾಕುವುದಾ, ತೂಕ ಇಳಿಸುವುದಾ?

ಲಾಂಗ್‌ಶಾಫ್ಟ್
60 ತೆಗೆದು 90 ಕೂರಿಸಿದ ಬೋಟಿನ ಬಿಲ್ ಹಾಕ್ತೇನೆ, ಓದಿ ಆಮೇಲೆ ಆಸೆ ಪಡಿ. ಹತ್ತೊಂಬತ್ತೂವರೆ ಅಡಿ. ಮುಂಚೆ 46, ಈಗ 54. ಎಂಟೇ ಎಂಟು ಕಿ.ಮೀ.

ಎಂಜಿನ್ ದುಡ್ಡು ಬಿಡಿ, ಅದರ ಬಾಲ ನೋಡಿ. ಹಳೇ ಕಂಟ್ರೋಲ್ ಬಾಕ್ಸ್ ಹೊಂದಲಿಲ್ಲ, ಹೊಸದು 38,000. ಕೇಬಲ್ ಎರಡು 9,600. ಹೈಡ್ರಾಲಿಕ್ ಸ್ಟೀರಿಂಗ್ 62,000, ಯಾಕಂದ್ರೆ 90ರ ಎಳೆತಕ್ಕೆ ಹಳೇ ಕೇಬಲ್ ಸ್ಟೀರಿಂಗ್ ಹಿಡಿದ್ರೆ ಹತ್ತು ನಿಮಿಷಕ್ಕೆ ತೋಳು ಸತ್ತೇ ಹೋಗ್ತದೆ. 8 ಮಿ.ಮೀ. ಇಂಧನ ಪೈಪ್ ಸಾಲದೆ 10ರದ್ದು, ನೀರು ಬೇರ್ಪಡಿಸುವ ಫಿಲ್ಟರ್ ಸಮೇತ 7,400. ಕೊನೆಗೆ ಬೋಲ್ಟ್ ಬಿಗಿ ಮಾಡುವಾಗ ವಾಷರ್ ಹಲಗೆಯೊಳಗೆ ಇಳೀತಾ ಹೋಯ್ತು. ಒಳಗಿನ ಪ್ಲೈವುಡ್ ರೊಟ್ಟಿ ಹಾಗೆ ಮೆತ್ತಗೆ. 18 ಮಿ.ಮೀ. ಮೆರೈನ್ ಪ್ಲೈ ಎರಡು ಪದರ, ಎಪಾಕ್ಸಿ, ಕೂಲಿ ಸೇರಿ 71,000. ಎಂಜಿನ್ ಬಿಟ್ಟು ಒಟ್ಟು 1,88,000. ಹೆಚ್ಚಿದ ಒಂದೊಂದು ಕಿ.ಮೀ.ಗೆ 23,500 ರೂಪಾಯಿ.

ಇನ್ನೊಂದು ಯಾರೂ ಹೇಳುವುದಿಲ್ಲ. ಹಿಂದೆ 50 ಕೆ.ಜಿ. ಜಾಸ್ತಿ ಆದ ಮೇಲೆ ಬೋಟು ನಿಂತಾಗ ಡೆಕ್ಕಿನ ನೀರು ಹೋಗುವ ತೂತು ಸಮುದ್ರದ ಮಟ್ಟಕ್ಕೆ ಬಂತು. ಹೊರಗೆ ಹೋಗಬೇಕಾದ ನೀರು ಒಳಗೆ ಬರ್ತದೆ. ಬ್ಯಾಟರಿ, ಲಂಗರು ಮುಂದೆ ಸಾಗಿಸಿ ಸರಿ ಮಾಡಿದ್ದು.

ವರ್ಗಮೂಲ
ಲೆಕ್ಕ ಇಲ್ಲದೆ ಎಂಜಿನ್ ಕೊಂಡ್ರೆ ಹೀಗೇ ಆಗುವುದು. ಬೋಟಿನ ವೇಗ ಅಂದಾಜಿಸುವ ಕ್ರೌಚ್ ಸೂತ್ರವನ್ನು ಕೆ.ಜಿ., ಕಿ.ಮೀ.ಗೆ ತಿರುಗಿಸಿದ್ರೆ ಇಷ್ಟೇ: ಒಟ್ಟು ತೂಕವನ್ನು ಎಚ್‌ಪಿಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ಬಂದದ್ದರಿಂದ ತಳದ ಸ್ಥಿರಾಂಕವನ್ನು ಭಾಗಿಸಿ. ಸಾಧಾರಣ ಬೋಟಿಗೆ ಆ ಸ್ಥಿರಾಂಕ 163ರ ಆಸುಪಾಸು, ಹಗುರ ಚುರುಕು ತಳಕ್ಕೆ 206, ರೇಸ್ ಬೋಟಿಗೆ 228.

1,020ನ್ನು 60ರಿಂದ ಭಾಗಿಸಿದ್ರೆ ಎಚ್‌ಪಿಗೆ 17 ಕೆ.ಜಿ. ವರ್ಗಮೂಲ 4.12. ಓಡಿದ್ದು 44, ಹಾಗಾಗಿ ನಿಮ್ಮ ಸ್ಥಿರಾಂಕ 181. ಈಗ 90 ಹಾಕಿ, ಎಂಜಿನ್ 50 ಕೆ.ಜಿ. ಭಾರ ಅಂತ ಸೇರಿಸಿ: ಎಚ್‌ಪಿಗೆ 11.9 ಕೆ.ಜಿ., ವೇಗ 52.5. ಎಚ್‌ಪಿ ಐವತ್ತು ಶೇಕಡಾ ಏರಿದ್ರೆ ವೇಗ ಹತ್ತೊಂಬತ್ತು ಶೇಕಡಾ. 60 ಕಿ.ಮೀ.ಗೆ 115 ಎಚ್‌ಪಿ ಸಹ ಒಂದು ಕೂದಲು ಕಡಿಮೆ, 59. ಅದಕ್ಕೆ ನಿಮ್ಮ ತಟ್ಟೆ ಒಪ್ಪುವುದಿಲ್ಲ. ತೂಕದ ಕಡೆಯಿಂದ ನೋಡಿದ್ರೆ 100 ಕೆ.ಜಿ. ಇಳಿಸಿದ್ರೆ 46.2.

ಆದ್ರೆ ಆ ತೆರೆದ ತಳಕ್ಕೆ 181 ಕಡಿಮೆಯೇ, 190 ದಾಟಬೇಕು. ನೀವು ಕೊಟ್ಟ ಯಾವುದೋ ಒಂದು ಸಂಖ್ಯೆ ಸುಳ್ಳು.

ಲಾಂಗ್‌ಶಾಫ್ಟ್
ಲೆಕ್ಕ ನಮಗೂ ಬರ್ತದೆ ಮಾರಾಯ್ರೆ. ಸೂತ್ರದಲ್ಲಿ ಕೊಳೆತ ಪ್ಲೈವುಡ್‌ಗೆ ಯಾವ ಅಕ್ಷರ?

ಕಾಳಿ ಅಳಿವೆ
4,900 ಓದಿಯೂ ಒಬ್ಬರೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಈ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಅಂದ್ರೆ 5,000ದಿಂದ 6,000. ಇಬ್ಬರೇ ಇದ್ದು 4,900 ಅಂದ್ರೆ ಆರು ಜನಕ್ಕೆ 4,500 ಮುಟ್ಟುವುದೂ ಕಷ್ಟ. ಎಂಜಿನ್ ಕೆಮ್ಮುತ್ತಾ ಎಳೀತಿದೆ, 60 ಎಚ್‌ಪಿ ಕೊಡುತ್ತಲೇ ಇಲ್ಲ.

ಸ್ಲಿಪ್ ನೋಡಿ, ಅಂದ್ರೆ ಪ್ರೊಪೆಲ್ಲರ್ ನೀರಲ್ಲಿ ಎಷ್ಟು ಜಾರ್ತದೆ ಅಂತ. 4,900ನ್ನು 1.85ರಿಂದ ಭಾಗಿಸಿದ್ರೆ ಶಾಫ್ಟ್ 2,649 ಸುತ್ತು. 13 ಇಂಚು ಅಂದ್ರೆ ಸುತ್ತಿಗೆ 33 ಸೆಂ.ಮೀ. ಗಂಟೆಗೆ 52.5 ಕಿ.ಮೀ. ಹೋಗಬೇಕು, ಹೋಗಿದ್ದು 44. ಸ್ಲಿಪ್ 16 ಶೇಕಡಾ, ಅದೇನೂ ಕೆಟ್ಟದ್ದಲ್ಲ. ಪ್ರೊಪೆಲ್ಲರ್ ನೀರನ್ನು ಚೆನ್ನಾಗೇ ಹಿಡಿದಿದೆ, ಬೋಟು ಭಾರ ಅಷ್ಟೇ.

11 ಪಿಚ್ ಹಾಕಿ. ಇಂಚಿಗೆ 150–200 ಆರ್‌ಪಿಎಂ ಏರ್ತದೆ. ನಮ್ಮಲ್ಲಿ ಇದೇ ಅಳತೆಯ ಬೋಟಿಗೆ 13 ತೆಗೆದು 11 ಹಾಕಿದಾಗ ಆರು ಜನಕ್ಕೆ 33 ಇದ್ದದ್ದು 37 ಆಯ್ತು, ಮೂತಿ ಇಳಿದು ಪ್ಲೇನ್ ಆಗಲು (ನೀರಿನ ಮೇಲೆದ್ದು ಜಾರಿ ಓಡಲು) 14 ಸೆಕೆಂಡ್ ಬೇಕಾಗಿದ್ದದ್ದು 7ಕ್ಕೆ ಬಂತು. ಅಲ್ಯೂಮಿನಿಯಂ ಪ್ರೊಪೆಲ್ಲರ್ 12,500, ಬುಷ್ 1,100.

ವರ್ಗಮೂಲ
ಮತ್ತೆ ಇಬ್ಬರಿಗೆ ಎಷ್ಟಾಯ್ತು? ಅದನ್ನು ನುಂಗಿದ್ರಲ್ಲ.

ಕಾಳಿ ಅಳಿವೆ
44 ಇದ್ದದ್ದು 42.5. ಮುಚ್ಚಿಟ್ಟಿಲ್ಲ, ಕೇಳಿದ್ರೆ ಹೇಳುವುದೇ. ಅಳಿವೆ ದಾಟುವವನಿಗೆ ಆ ಒಂದೂವರೆಗಿಂತ ಎಂಜಿನ್‌ನ ಉಸಿರು ಮುಖ್ಯ. ದಿನವೂ 4,500ರಲ್ಲಿ ಪೂರ್ತಿ ಥ್ರಾಟಲ್ ಒತ್ತಿ ಓಡಿಸಿದ್ರೆ ಪಿಸ್ಟನ್ ತಲೆಗೆ ಮಸಿ ಕಟ್ತದೆ, ಬೇರಿಂಗ್ ಬೇಗ ಹೋಗ್ತದೆ. ಹೆಡ್ ಬಿಚ್ಚುವ ದಿನ ನಿಮ್ಮ ಸೂತ್ರದ ಕಾಗದ ಮಡಚಿ ಗ್ಯಾಸ್ಕೆಟ್ ಮಾಡಿ.

ಶರಾವತಿ ಹಿನ್ನೀರು
ಅಲ್ಲ ಸ್ವಾಮಿ, ಆ 44 ಯಾವ ನೀರಲ್ಲಿ ಅಳೆದದ್ದು ಅಂತ ಯಾರಾದರೂ ಕೇಳಿದ್ರಾ? ಅಳಿವೆಯಲ್ಲಿ ಇಳಿತದ ಜೊತೆ ಹೋದ್ರೆ 3–4 ಕಿ.ಮೀ. ಪುಕ್ಕಟೆ ಸೇರತ್ತೆ. ಒಂದೇ ಗೆರೆಯಲ್ಲಿ ಹೋಗಿ, ತಿರುಗಿ ಬಂದು, ಎರಡರ ಸರಾಸರಿ ಹಿಡೀಬೇಕು.

ನಮ್ಮಲ್ಲಿ ನೀರಿನ ಸೆಳೆತದ ಕಾಟ ಇಲ್ಲ, ಎತ್ತರದ ಕಾಟ ಇದೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1,819 ಅಡಿ. ಸಾವಿರ ಅಡಿಗೆ ಎಂಜಿನ್ ಸುಮಾರು 3 ಶೇಕಡಾ ಶಕ್ತಿ ಕಳ್ಕೊಳ್ಳತ್ತೆ, 60 ಅಂತ ಬರೆದದ್ದು 57 ಆಗತ್ತೆ. ಕರಾವಳಿಯಲ್ಲಿ ಸರಿ ಇದ್ದ 13 ಪಿಚ್ ಇಲ್ಲಿ ಆರ್‌ಪಿಎಂ ತಿಂದು ಹಾಕತ್ತೆ, 12ಕ್ಕೆ ಇಳಿಸಿದ ಮೇಲೇ ಸರಿ. ಬೇಸಿಗೆಯಲ್ಲಿ ನೀರು ಇಳಿದ್ರೆ ಮುಳುಗಿದ ಮರದ ಬುಡಗಳು ಮೇಲೆ ಬರತ್ವೆ, ಅಲ್ಯೂಮಿನಿಯಂ ರೆಕ್ಕೆ ಬಗ್ಗತ್ತೆ. ಒಂದು ರೆಕ್ಕೆ 3 ಮಿ.ಮೀ. ಬಗ್ಗಿದ್ರೂ ನಡುಕ ಬಂದು 2 ಕಿ.ಮೀ. ಹೋಗತ್ತೆ. ತಟ್ಟಿ ನೇರ ಮಾಡೋರು 800 ತಗೊಳ್ತಾರೆ, ಪಿಚ್ ಮಾತ್ರ ಮೊದಲಿನ ಹಾಗೆ ಬರಲ್ಲ.

ಎರಡುಸ್ಟ್ರೋಕ್
ಇಷ್ಟೆಲ್ಲ ತಲೆನೋವು ನಾಲ್ಕು ಸ್ಟ್ರೋಕ್ ಹಾಕಿದ್ದಕ್ಕೆ. ಎರಡು ಸ್ಟ್ರೋಕ್ 40 ಹಾಕಿ, 72 ಕೆ.ಜಿ.ಗೆ ಮುಗೀತದೆ. 43 ಕೆ.ಜಿ. ಉಳಿತಾಯ, ಥ್ರಾಟಲ್ ಕೊಟ್ಟ ಕೂಡಲೇ ನೆಗೀತದೆ, ಸ್ಪಾನರ್ ಹಿಡಿದವನೆಲ್ಲ ರಿಪೇರಿ ಮಾಡ್ತಾನೆ.

ವರ್ಗಮೂಲ
977ನ್ನು 40ರಿಂದ ಭಾಗಿಸಿ. ಎಚ್‌ಪಿಗೆ 24.4, ವೇಗ 36.6. 43 ಕೆ.ಜಿ. ಉಳಿಸಲು 20 ಎಚ್‌ಪಿ ಬಿಟ್ಟುಕೊಟ್ಟ ಲೆಕ್ಕ. ನೆಗೆತ ಬೇರೆ, ಗರಿಷ್ಠ ವೇಗ ಬೇರೆ.

ಎರಡುಸ್ಟ್ರೋಕ್
ಕೂತು ಕಾಗದದಲ್ಲಿ ಓಡಿಸುವವರಿಗೆ ಸಮುದ್ರ ಎಂತ ಗೊತ್ತು.

ಲಾಂಗ್‌ಶಾಫ್ಟ್
100 ಲೀಟರಿಗೆ 50ಕ್ಕೆ 1ರ ಹಾಗೆ 2 ಲೀಟರ್ ಎಣ್ಣೆ ಬೇಕು, ಅದನ್ನೂ ಬಿಲ್ಲಿಗೆ ಸೇರಿಸಿ. ಆಮೇಲೆ ನಿಧಾನಕ್ಕೆ ಎಳೆಯುವಾಗ ಪ್ಲಗ್ ಒದ್ದೆಯಾಗಿ ನಿಂತ್ರೆ ನೆಗೆತ ಎಲ್ಲಿಗೆ?

ಕೈರಂಪಣಿ
ನಾಡದೋಣಿಯವರು ಯಾರಾದರೂ ಇದನ್ನು ಓದಿ 9.9 ತೆಗೆದು 25 ಹಾಕೀರಿ ಜೋಕೆ. ಆ ಸೂತ್ರ ಪ್ಲೇನ್ ಆಗುವ ತಳಕ್ಕೆ ಮಾತ್ರ. ನೀರು ಸೀಳಿ ಹೋಗುವ ದೋಣಿಗೆ ಮಿತಿ ಹಾಕುವುದು ಉದ್ದ. ನೀರಿನಲ್ಲಿ ಮುಳುಗಿದ ಉದ್ದದ ವರ್ಗಮೂಲಕ್ಕೆ 1.34 ಗುಣಿಸಿ: 25 ಅಡಿಗೆ 6.7 ನಾಟ್, 12.4 ಕಿ.ಮೀ. ಅದರ ಮೇಲೆ ಎಷ್ಟು ಎಚ್‌ಪಿ ಕೊಟ್ರೂ ಹಿಂಭಾಗ ಕುಸಿದು ದೊಡ್ಡ ಅಲೆ ಏಳ್ತದೆ, ಪೆಟ್ರೋಲ್ ಹೋಗ್ತದೆ. ಇನ್ನೊಂದು, ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ವಿನಾಯಿತಿ ಇರುವುದು 10 ಎಚ್‌ಪಿ ವರೆಗಿನ ದೋಣಿಗೆ. 25 ಹಾಕಿದವನು ಎರಡು ತಿಂಗಳು ದಡದಲ್ಲಿ ಕೂತು ಬಲೆ ಹೊಲಿಯುವುದೇ.

ಎರಡುಸ್ಟ್ರೋಕ್
ಕೇಳಿದ್ದು ಸ್ಪೀಡ್ ಬೋಟಿಂದು.

ಕೈರಂಪಣಿ
ಗೊತ್ತುಂಟು. ನಿಮ್ಮ 40 ಸಹ ಅವರು ಕೇಳಿರಲಿಲ್ಲ.

ಶಾರ್ಜಾ ಕನ್ನಡಿಗ
ಇಲ್ಲಿ 21 ಅಡಿಗೆ 115, ಸ್ಟೇನ್‌ಲೆಸ್ ಮೂರು ರೆಕ್ಕೆ, ಎಂಜಿನ್ ಎತ್ತರಿಸುವ ಜ್ಯಾಕ್ ಪ್ಲೇಟ್ ಹಾಕಿ 62 ಇದ್ದದ್ದು 66 ಆಗಿದೆ. ಸ್ಟೇನ್‌ಲೆಸ್ ರೆಕ್ಕೆ ತೆಳು, ಒತ್ತಡಕ್ಕೆ ಬಗ್ಗುವುದಿಲ್ಲ. ಪ್ರೊಪೆಲ್ಲರ್ ಮೇಲಿರುವ ಗಾಳಿ ತಡೆ ತಟ್ಟೆ ತಳದ ಮಟ್ಟಕ್ಕಿಂತ 25 ಮಿ.ಮೀ. ಮೇಲೆ ಇಡಿ. ಕೆಳಗಿನ ಕಾಲು ನೀರಿನಲ್ಲಿ ಕಡಿಮೆ ಎಳೆದಷ್ಟೂ ವೇಗ. ಪ್ರೊಪೆಲ್ಲರ್ 2,100 ದಿರ್ಹಂ, ಜ್ಯಾಕ್ ಪ್ಲೇಟ್ 3,400.

ಕಾಳಿ ಅಳಿವೆ
ನಾಲ್ಕು ಕಿ.ಮೀ.ಗೆ 5,500 ದಿರ್ಹಂ! ಜ್ಯಾಕ್ ಪ್ಲೇಟ್ ತಾನೇ 15 ಕೆ.ಜಿ. ಇರ್ತದೆ, ಎಂಜಿನ್ನನ್ನು ಇನ್ನೂ ಹಿಂದೆ ದಬ್ಬುತ್ತದೆ. ನಮ್ಮ ಮಧ್ಯಾಹ್ನದ ಗಾಳಿ ಅಲೆಗೆ ಎಂಜಿನ್ ಅಷ್ಟು ಎತ್ತರ ಇದ್ರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹೀರಿ ಆರ್‌ಪಿಎಂ ಕಿರುಚುತ್ತದೆ, ತಣಿಸುವ ನೀರಿನ ಬಾಯಿಗೂ ಗಾಳಿ ಹೋಗಿ ಅಲಾರಂ. ಒಂದು ಬೋಲ್ಟ್ ತೂತಿನಷ್ಟು, 19 ಮಿ.ಮೀ., ಎತ್ತಿ ನೋಡಲಿ. ಖರ್ಚಿಲ್ಲ, ಒಂದೆರಡು ಕಿ.ಮೀ. ಬರಬಹುದು.

ಶರಾವತಿ ಹಿನ್ನೀರು
ಎಲ್ಲ ಸರಿ, ಈಗ ಬಂಕ್‌ನಲ್ಲಿ ಸಿಗೋದೇ ಇ20, 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಲೀಟರಿಗೆ ಶಕ್ತಿ 6–7 ಶೇಕಡಾ ಕಡಿಮೆ. ಬಹುಪಾಲು ಔಟ್‌ಬೋರ್ಡ್ ಕೈಪಿಡಿಗಳಲ್ಲಿ ಎಥನಾಲ್ ಮಿತಿ 10 ಶೇಕಡಾ ಅಂತ ಇದೆ. ವೇಗ ಹೋಗಿದ್ದು ಅಲ್ಲೇ ಇರಬಹುದು.

ವರ್ಗಮೂಲ
ಲೀಟರಿಗೆ ಕಡಿಮೆ, ಎಂಜಿನ್‌ಗಲ್ಲ. ಇಂಜೆಕ್ಷನ್ ಇರುವುದು ಹೆಚ್ಚು ಪೆಟ್ರೋಲ್ ಚಿಮ್ಮಿಸಿ ಸರಿದೂಗಿಸಬಹುದು.

ಎರಡುಸ್ಟ್ರೋಕ್
ಕಾರ್ಬ್ಯುರೇಟರ್ ಯಾವುದನ್ನೂ ಸರಿದೂಗಿಸುವುದಿಲ್ಲ, ಜೆಟ್ ಅಷ್ಟೇ ಇರ್ತದೆ, ಮಿಶ್ರಣ ತೆಳುವಾಗಿ ಪಿಸ್ಟನ್ ಸುಡ್ತದೆ. ಮೂರು ವಾರ ನಿಂತ ಟ್ಯಾಂಕಿಯ ತಳದಿಂದ ಒಂದು ಬಾಟಲಿ ತೆಗೆದು ನೋಡಿ, ನೀರು ಸೇರಿದ್ರೆ ಕೆಳಗೆ ನೀರು–ಎಥನಾಲ್ ಬೇರೆ ಪದರ, ಮೇಲೆ ಪೆಟ್ರೋಲ್. ಎಂಜಿನ್ ಕುಡಿಯುವುದು ತಳದ್ದನ್ನೇ.

ಲಾಂಗ್‌ಶಾಫ್ಟ್
ಕೊನೆಗೂ ಒಂದು ಸರಿಯಾದ ಮಾತು.

ಡೆಕ್ಕಿನಡಿ
ತಳದ 620 ಕೆ.ಜಿ. ಅಚ್ಚಿನಿಂದ ತೆಗೆದ ದಿನದ್ದು. ನೆಲದಡಿ ಫೋಮ್ ತುಂಬಿದ್ದಾರಾ? ಅರ್ಧ ಘನ ಮೀಟರ್ ಫೋಮ್ ಒಣಗಿದ್ದಾಗ 16–18 ಕೆ.ಜಿ. ಅದರ ಮೂರರಲ್ಲಿ ಒಂದು ಭಾಗ ನೀರು ಹೀರಿದ್ರೂ 165 ಕೆ.ಜಿ. ಸೇರ್ತದೆ, ಹೊರಗಿನಿಂದ ಒಂದು ಹನಿ ಕಾಣುವುದಿಲ್ಲ. ವೇಬ್ರಿಡ್ಜ್‌ಗೆ ಟ್ರೇಲರ್ ಸಮೇತ ಒಯ್ಯಿರಿ, ಬೋಟು ಇಳಿಸಿ ಖಾಲಿ ಟ್ರೇಲರ್ ಮತ್ತೆ ತೂಗಿ. ಎರಡು ಚೀಟಿಗೆ ಇನ್ನೂರು ಮುನ್ನೂರು ಆಗಬಹುದು. ಹೆಚ್ಚು ಬಂದ್ರೆ ಹಿಂಭಾಗದ ನೆಲದಲ್ಲಿ, ಅತಿ ತಗ್ಗಿನ ಜಾಗದಲ್ಲಿ, 50 ಮಿ.ಮೀ. ಹೋಲ್‌ಸಾದಿಂದ ತೂತು ಮಾಡಿ ಫೋಮ್ ಹಿಂಡಿ ನೋಡಿ. ನೀರು ಹೀರಿದ ಫೋಮ್ ಬಿಸಿಲಿಗೆ ಒಣಗುವುದಿಲ್ಲ, ಕೆರೆದು ತೆಗೆಯಬೇಕು. ಹೊಸದು ಹಾಕುವಾಗ ಅಡ್ಡಪಟ್ಟಿಗಳ ಬುಡದಲ್ಲಿ 20 ಮಿ.ಮೀ. ದಾರಿ ಬಿಡಿ, ನೀರು ಬಂದ್ರೂ ಪಂಪಿನ ಹತ್ತಿರ ಹರಿದು ಹೋಗಲಿ. ತಳದಲ್ಲಿ ಚಿಪ್ಪು ಕಟ್ಟಿದ್ರೆ ಅದನ್ನೂ ಕೆರೆಯಿರಿ, ಲೆಕ್ಕ ಅದರ ನಂತರ.

ಹಂಗಾರಕಟ್ಟೆ19
ತೂಗಿಸಿ ಬಂದೆ. ಜನ ಇಲ್ಲದೆ, ಟ್ಯಾಂಕಿ ತುಂಬಿ, 870 ಇರಬೇಕಿತ್ತು. ಬಂದದ್ದು 1,050. ತೂತು ಮಾಡಿದ ಕಡೆ ಬೆರಳು ಒತ್ತಿದ್ರೆ ನೀರು ಬರ್ತದೆ, ನಾಲಿಗೆಗೆ ಉಪ್ಪು.

ವರ್ಗಮೂಲ
180 ಕೆ.ಜಿ.! ಹಾಗಾದ್ರೆ ನಿಜವಾದ ಸ್ಥಿರಾಂಕ 197, ತಳ ಒಳ್ಳೇದೇ. ಆ ನೀರು ಪೂರ್ತಿ ಹೋದ್ರೆ ಇದೇ 60ಕ್ಕೆ 47.8. ಆಮೇಲೆ 90 ಹಾಕಿದ್ರೆ 57. ಒಂದು ಸಂಖ್ಯೆ ಸುಳ್ಳು ಅಂತ ಮೊದಲೇ ಹೇಳಿದ್ದೆ.

ಕಾಳಿ ಅಳಿವೆ
ಹೌದಪ್ಪ, ಹೇಳಿದ್ರಿ. ಫೋಮ್ ತೆಗೆದ ಮೇಲೆ ಮೊದಲು 13 ಪಿಚ್‌ನಲ್ಲೇ ಆರ್‌ಪಿಎಂ ನೋಡಿ, 5,200 ದಾಟಿದ್ರೆ ಪ್ರೊಪೆಲ್ಲರ್ ದುಡ್ಡು ಉಳೀತು.

ಲಾಂಗ್‌ಶಾಫ್ಟ್
ನೆಲ ಬಿಚ್ಚಿದಾಗ ಹಿಂದಿನ ಹಲಗೆಗೂ ಒಂದು ಸುತ್ತಿಗೆ ಏಟು ಕೊಟ್ಟು ಸದ್ದು ಕೇಳಿ. ಟಣ್ ಅನ್ನಬೇಕು. ಡಬ್ ಅಂದ್ರೆ 71,000.

ಎರಡುಸ್ಟ್ರೋಕ್
72 ಕೆ.ಜಿ. ಎಂಜಿನ್‌ಗೆ ಯಾವ ಹಲಗೆಯೂ ಡಬ್ ಅನ್ನುವುದಿಲ್ಲ.