10 ಸೆಂಟ್ ಟೇಬಲ್‌ನಿಂದ 25 ಸೆಂಟ್ ಟೇಬಲ್‌ಗೆ ಯಾವಾಗ ಹೋಗಬೇಕು?

ಹಾಸನದ ಹುಡುಗ

ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಇಲ್ಲಿ 2013ರಿಂದ ಆನ್‌ಲೈನ್ ಪೋಕರ್ ಕಾನೂನುಬದ್ಧ. ಮಗು ಮಲಗಿದ ಮೇಲೆ ಎರಡು ಟೇಬಲ್ ಹಾಕಿಕೊಂಡು ಆಡುತ್ತೇನೆ. ಆರು ಜನರ ನೋ-ಲಿಮಿಟ್ ಹೋಲ್ಡೆಮ್, ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಮೊತ್ತ, 5 ಸೆಂಟ್/10 ಸೆಂಟ್; ದೊಡ್ಡದು ಬಿಗ್ ಬ್ಲೈಂಡ್.

ಸುಮಾರು 20,000 ಹ್ಯಾಂಡ್ (ಒಂದು ಸಲ ಎಲೆ ಹಂಚಿ ಆಡುವ ಆಟ) ಆಡಿದ್ದೇನೆ. ನೂರು ಹ್ಯಾಂಡ್‌ಗೆ 6 ಬಿಗ್ ಬ್ಲೈಂಡ್ ಲಾಭ ತೋರಿಸುತ್ತಿದೆ. ಬ್ಯಾಂಕ್‌ರೋಲ್ (ಆಟಕ್ಕೆಂದೇ ಇಟ್ಟ ದುಡ್ಡು) 620 ಡಾಲರ್.

ಮೊನ್ನೆ ಒಂದು ಸಂಜೆ 10 ಸೆಂಟ್/25 ಸೆಂಟ್ ಬ್ಲೈಂಡ್‌ನ 10/25 ಟೇಬಲ್‌ನಲ್ಲಿ ಕೂತು ನೋಡಿದೆ. ಕೈಯಲ್ಲಿ ಎಕ್ಕ-ಗುಲಾಮ, ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ತೆರೆದ ಎಲೆ) ಎಕ್ಕ ಬಂತು. ರಿವರ್‌ಗೆ, ಅಂದರೆ ಐದನೆಯ ಕೊನೆಯ ಎಲೆಗೆ, ಬರುವಷ್ಟರಲ್ಲಿ ಪಾಟ್ (ನಡುವೆ ಸೇರಿದ ದುಡ್ಡು) 16 ಡಾಲರ್. ಎದುರಿನವರು 12 ಬೆಟ್ ಮಾಡಿದರು. ನನ್ನ ಟೇಬಲ್‌ನಲ್ಲಿ ಒಂದು ಪೂರ್ತಿ ಬೈ-ಇನ್‌ಗಿಂತ (ಕೂರುವಾಗ ಒಯ್ಯುವ 100 ಬಿಗ್ ಬ್ಲೈಂಡ್, ಅಂದರೆ 10 ಡಾಲರ್) ಜಾಸ್ತಿ ಅದು! ಎಲೆ ಬಿಟ್ಟು ಫೋಲ್ಡ್ ಮಾಡಿದೆ. ನಾನು ಮೇಲೆ ಹೋಗಲು ತಯಾರಾಗಿದ್ದೇನಾ, ಇಲ್ವಾ?

ಕಳಾವರ್ ರಾಜ

ಹೋಗಿ ಗುರು. ಪೋಕರ್ ಆಟಗಾರ ಕ್ರಿಸ್ ಫರ್ಗ್ಯುಸನ್ ಸೊನ್ನೆಯಿಂದ ಶುರು ಮಾಡಿ 2007ರಲ್ಲಿ 10,000 ಡಾಲರ್ ಮುಟ್ಟಿದ್ದು ಹೇಗೆ? ಇರುವ ದುಡ್ಡಿನಲ್ಲಿ ಶೇ 5ಕ್ಕಿಂತ ಜಾಸ್ತಿ ಯಾವ ಕ್ಯಾಶ್ ಟೇಬಲ್‌ಗೂ ಒಯ್ಯಬಾರದು, ಅದೇ ಅವರ ಮುಖ್ಯ ನಿಯಮ. ಅಂದರೆ 20 ಬೈ-ಇನ್. ಮೇಲಿನ ಟೇಬಲ್‌ನಲ್ಲಿ ಒಂದು ಬೈ-ಇನ್ 25 ಡಾಲರ್, ನಿಮಗೆ 500 ಸಾಕಿತ್ತು, 620 ಇದೆ.

ಲೆಕ್ಕದಮ್ಮ

ರಾಜ ಅವರೇ, ಆ ನಿಯಮ ಒಳ್ಳೆಯದೇ. ಆದರೆ ಅದರ ಇನ್ನರ್ಧ ಬಿಟ್ಟುಬಿಟ್ಟಿರಿ. ಬ್ಯಾಂಕ್‌ರೋಲ್ ಕರಗಿದರೆ ಅದೇ ಶೇ 5 ಕೆಳಗಿನ ಟೇಬಲ್‌ಗೂ ಇಳಿಸುತ್ತದೆ. ಫರ್ಗ್ಯುಸನ್ ಇಳಿಯುತ್ತಿದ್ದರು. ಎಲ್ಲರಿಗೂ ಕಷ್ಟ ಆಗುವುದು ಅದೇ.

ಹಾಸನದವರೇ, ನಿಮ್ಮ ಆ 6ರ ಬಗ್ಗೆ ಮೊದಲು ಮಾತಾಡೋಣ. ಆರು ಜನರ ಟೇಬಲ್‌ನಲ್ಲಿ ನೂರು ಹ್ಯಾಂಡ್‌ಗೆ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 90 ಬಿಗ್ ಬ್ಲೈಂಡ್‌ನ ಆಸುಪಾಸು. ಹಾಗಾಗಿ 20,000 ಹ್ಯಾಂಡ್ ಆದ ಮೇಲೂ ನಿಮ್ಮ ನಿಜವಾದ ರೇಟ್ ಮೈನಸ್ 7ರಿಂದ ಪ್ಲಸ್ 19ರ ನಡುವೆ ಎಲ್ಲಾದರೂ ಇರಬಹುದು. ಒಂದು ಲಕ್ಷ ಹ್ಯಾಂಡ್‌ನಲ್ಲಿ ಇದೇ 6 ಬಂದರೆ ಆ ಅಂತರ ಹೆಚ್ಚುಕಮ್ಮಿ 0ಯಿಂದ 12ಕ್ಕೆ ಕಿರಿದಾಗುತ್ತದೆ. ಆಗ ಧೈರ್ಯವಾಗಿ ಗೆಲ್ಲುವ ಆಟಗಾರ ಅನ್ನಬಹುದು. ಈಗ ಅನ್ನುವುದಕ್ಕೆ ಆಗಲ್ಲ.

ಇದು ಯಾಕೆ ಮುಖ್ಯ ಅಂದರೆ, 620 ಡಾಲರ್ ಮೇಲಿನ ಟೇಬಲ್‌ನಲ್ಲಿ ಸುಮಾರು 25 ಬೈ-ಇನ್. ಏನೇ ಆದರೂ ಕೆಳಗೆ ಇಳಿಯದೆ ಅಲ್ಲೇ ಆಡಿದರೆ ಪೂರ್ತಿ ಖಾಲಿಯಾಗುವ ಸಾಧ್ಯತೆ, ಅಲ್ಲೂ ನಿಮ್ಮ ರೇಟ್ 6 ಇದ್ದರೆ ಶೇ 2.5 ಮಾತ್ರ. ಅದೇ 2ಕ್ಕೆ ಇಳಿದರೆ ಶೇ 29. ಬ್ಯಾಂಕ್‌ರೋಲ್ ಅದೇ, ಅಪಾಯ ಹತ್ತು ಪಟ್ಟಿಗಿಂತ ಜಾಸ್ತಿ. ಮೇಲೆ ಹೋದರೆ ರೇಟ್ ಇಳಿಯುವುದೇ ಹೆಚ್ಚು. ಬ್ಲೈಂಡ್ ಲೆಕ್ಕದಲ್ಲಿ ರೇಕ್ (ಪ್ರತಿ ಪಾಟ್‌ನಿಂದ ಸೈಟ್ ತೆಗೆದುಕೊಳ್ಳುವ ಪಾಲು) ಸ್ವಲ್ಪ ಹಗುರವಾಗುತ್ತದೆ ನಿಜ, ಆದರೆ ಕೂತವರು ಗಟ್ಟಿ, ಸುಮ್ನೆ ಕಾಲ್ ಮಾಡುವವರು (ಬೆಟ್‌ಗೆ ಸಮನಾಗಿ ಹಾಕಿ ಮುಂದುವರಿಯುವವರು) ಕಡಿಮೆ, ತ್ರೀ-ಬೆಟ್ (ಏರಿಸಿದವರ ಮೇಲೆ ಮತ್ತೆ ಏರಿಸುವುದು) ಜಾಸ್ತಿ.

ಈಗ ಆ ಎಕ್ಕ-ಗುಲಾಮ. ಪಾಟ್ 16, ಬೆಟ್ 12. ನೀವು 12 ಹಾಕಿದರೆ ಒಟ್ಟು 40. ನೂರರಲ್ಲಿ 30 ಸಲ ಗೆದ್ದರೂ ಕಾಲ್ ನಷ್ಟವಿಲ್ಲ. ಫೋಲ್ಡ್ ಸರಿ ಇದ್ದಿರಬಹುದು. ಬೋರ್ಡ್ (ಮೇಜಿನ ಮೇಲೆ ತೆರೆದ ಎಲೆಗಳು) ನೋಡದೆ ನಾನು ಹೇಳಲಾರೆ. ಆದರೆ ನೀವು ಬರೆದಿದ್ದನ್ನು ಇನ್ನೊಮ್ಮೆ ಓದಿ. ಟರ್ನ್ (ನಾಲ್ಕನೆಯ ಎಲೆ), ರಿವರ್‌ನಲ್ಲಿ ಯಾವ ಎಲೆ ಬಂತು, ಅವರು ಹೇಗೆ ಆಡಿಕೊಂಡು ಬಂದಿದ್ದರು, ಒಂದೂ ಇಲ್ಲ. ಇರುವುದು ಡಾಲರ್ ಮಾತ್ರ. ನಿಮ್ಮ ಟೇಬಲ್‌ನಲ್ಲಿ 6 ಡಾಲರ್ 40 ಸೆಂಟ್ ಪಾಟ್‌ಗೆ 4 ಡಾಲರ್ 80 ಸೆಂಟ್ ಬೆಟ್ ಬಂದರೆ ಅದೂ 48 ಬ್ಲೈಂಡೇ, ಇದೇ ಪ್ರಶ್ನೆಯೇ. ಅಲ್ಲಿ ಇಷ್ಟು ಬೆಚ್ಚುತ್ತಿದ್ದಿರಾ? ಎರಡೂ ಕಡೆ ಒಂದೇ ಥರ ಯೋಚಿಸುವುದಕ್ಕೆ ಆದಾಗ ನೀವು ತಯಾರು. ಬೈ-ಇನ್ ಎಣಿಕೆಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ನನ್ನ ಸಲಹೆ: ಮೇಲಿನ ಟೇಬಲ್‌ಗೆ 5 ಬೈ-ಇನ್ ತೆಗೆದಿಡಿ, 125 ಡಾಲರ್. ಎರಡರ ಬದಲು ಒಂದೇ ಟೇಬಲ್ ಆಡಿ. 125 ಹೋದರೆ ಅವತ್ತೇ ಕೆಳಗೆ ಬನ್ನಿ. ಆಗಲೂ 495 ಇರುತ್ತದೆ, 5/10ಕ್ಕೆ ಹೆಚ್ಚುಕಮ್ಮಿ 50 ಬೈ-ಇನ್. ಇಳಿಯುವ ಗೆರೆಯನ್ನು ಕೂರುವ ಮೊದಲೇ ಬರೆದಿಡಿ. ಸೋತ ರಾತ್ರಿ ಗೆರೆ ಎಳೆಯಲು ಹೋದರೆ ಅದು ಜರುಗುತ್ತಲೇ ಇರುತ್ತದೆ.

ಒಂಟಿಕೊಪ್ಪಲ್

ನಾನು ಮೈಸೂರಿನವನು. 2025ರ ಆಗಸ್ಟ್‌ನ ಕಾನೂನು ಬಂದ ಮೇಲೆ ಭಾರತದಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಂತಿದೆ. ಅದಕ್ಕೇ ಓದುವುದಷ್ಟೇ ನನ್ನ ಕೆಲಸ. ಆದರೂ ಒಂದು ಕೇಳುತ್ತೇನೆ. ಆ 620 ಮನೆ ಖರ್ಚಿನ ಅಕೌಂಟ್‌ನಿಂದ ಬೇರೆ ಇದೆಯಾ? ಮನೆಯವರಿಗೆ ಗೊತ್ತಾ?

ಹಾಸನದ ಹುಡುಗ

ಬೇರೆಯೇ ಸರ್. ಹೆಂಡತಿಗೆ ಪ್ರತಿ ತಿಂಗಳೂ ಶೀಟ್ ತೋರಿಸುತ್ತೇನೆ.

ಲೆಕ್ಕದಮ್ಮ ಅವರೇ, ಆ ರಾತ್ರಿ ಬೋರ್ಡ್ ನನಗೆ ಕಾಣಿಸಿಯೇ ಇರಲಿಲ್ಲ ಅನ್ನಿಸುತ್ತಿದೆ. ಹ್ಯಾಂಡ್ ಹಿಸ್ಟರಿ ತೆಗೆದೆ: ಎಕ್ಕ, 9, 4, ಮೂರೂ ಬೇರೆ ಬೇರೆ ಜಾತಿ, ಟರ್ನ್ 2, ರಿವರ್ ರಾಜ. ಅವರು ಮೂರು ಸುತ್ತೂ ಬೆಟ್ ಮಾಡಿದ್ದಾರೆ. ಎಕ್ಕ-ರಾಜ ಇದ್ದರೆ ನಾನು ಸೋತೆ. ಆದರೆ ಸುಮ್ನೆ ಬ್ಲಫ್ ಮಾಡುವ ಕೈಗಳೂ ಇರುತ್ತವೆ, ಅಲ್ವಾ? 5/10ರಲ್ಲಿ ಆಗಿದ್ದರೆ ಕಾಲ್ ಮಾಡುತ್ತಿದ್ದೆ.

ಲೆಕ್ಕದಮ್ಮ

ಹಾಗಾದರೆ ಇನ್ನಷ್ಟು ದಿನ 5/10ರಲ್ಲೇ ಆಡಿ. ಮೂರು ಸುತ್ತು ಬೆಟ್ ಬಂದ ಹ್ಯಾಂಡ್‌ಗಳನ್ನೆಲ್ಲ ಫಿಲ್ಟರ್ ಮಾಡಿ, ಶೋಡೌನ್‌ನಲ್ಲಿ (ಕೊನೆಗೆ ಎಲೆ ತೆರೆಯುವಾಗ) ಎದುರಿನವರು ಏನು ತೋರಿಸಿದರು ನೋಡಿ. ಆಮೇಲೆ ಆ 125 ಎತ್ತಿಕೊಂಡು ಹೋಗಿ.

ಟ್ಯಾಕ್ಸ್ ಬಗ್ಗೆಯೂ ಯೋಚಿಸಿ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಆದ ಕಾನೂನಿನ ಪ್ರಕಾರ 2026ರಿಂದ ಸೋಲಿನಲ್ಲಿ ಶೇ 90 ಮಾತ್ರ ಗೆಲುವಿನಿಂದ ಕಳೆಯಬಹುದು. ವರ್ಷದಲ್ಲಿ ಗೆದ್ದ ಸೆಷನ್‌ಗಳು ಸೇರಿ 10,000, ಸೋತವು 9,000 ಅಂದುಕೊಳ್ಳಿ. ಕೈಗೆ ಬಂದಿದ್ದು 1,000, ಟ್ಯಾಕ್ಸ್ 1,900ರ ಮೇಲೆ. ಸ್ಟೇಕ್ ದೊಡ್ಡದಾದಷ್ಟೂ ಈ ಅಂತರ ದೊಡ್ಡದು. ಸೆಷನ್ ಶುರು, ಮುಗಿದ ಹೊತ್ತು, ಮೊತ್ತ ಎಲ್ಲವನ್ನೂ ಆ ಶೀಟ್‌ನಲ್ಲೇ ಬರೆಯುತ್ತಾ ಹೋಗಿ.