ಮುಧೋಳ ನಾಯಿ: ಅಂಗಳದಾಗ ಕರೆದ್ರ ಬರತೈತಿ, ಹೊಲದಾಗ ಬಿಟ್ರ ಕೇಳಂಗಿಲ್ಲ

ಎರೆಹೊಲ:
ಗಂಡು ಮುಧೋಳ, 14 ತಿಂಗಳ, ಆಪರೇಷನ್ ಮಾಡಿಸಿಲ್ಲ. ಗದಗ ಕಡೆ ಎರೆ ಹೊಲ, ಬೇಲಿ ಇಲ್ಲ. ಅಂಗಳದಾಗ "ಬಾ" ಅಂದ್ರ ಓಡಿ ಬರತೈತಿ. ಹೊಲದಾಗ ಬೆಲ್ಟ್ ಬಿಚ್ಚಿದ್ರ ಸ್ವಲ್ಪ ಹೊತ್ತು ಚಲೋ ಇರತೈತಿ, ಮೊಲ ಎದ್ರ ಮುಗೀತು, ಅರ್ಧ ತಾಸು ಪತ್ತೆ ಇರಂಗಿಲ್ಲ. ಮೊಲ ಇಲ್ಲದಾಗೂ ಕರೆದ್ರ ಹತ್ತು ಮಾರು ದೂರ ನಿಂತು ನೋಡತೈತಿ, ಹಿಡಿಯಾಕ ಹೋದ್ರ ತಪ್ಪಿಸ್ಕೋತೈತಿ. ಕರೆಂಟ್ ಬೆಲ್ಟ್ ಹಾಕ್ರಿ ಅಂತಾರ ಮಂದಿ. ಏನ್ ಮಾಡೋದ್ರಿ?

ಸೀಟಿ:
ಇಲ್ಲಿ ಎರಡು ತೊಂದರೆ ಇವೆ, ಒಂದೇ ಅಂದ್ಕೋಬೇಡಿ. ದೂರ ನಿಂತು ಆಟ ಆಡಿಸೋದು ಪೂರ್ತಿ ಸರಿ ಹೋಗುತ್ತೆ. ಮೊಲದ ಹಿಂದೆ ಬೀಳೋದು ಒಂದು ಮಟ್ಟಕ್ಕೆ ಹತೋಟಿಗೆ ಬರುತ್ತೆ, ಅಷ್ಟೇ. ಕಣ್ಣಲ್ಲಿ ನೋಡಿ ಓಡಿ ಹಿಡಿಯಲಿ ಅಂತಲೇ ಬೆಳೆಸಿದ ತಳಿ ಅದು.

ಮೊದಲನೆಯದರ ಕಾರಣ ಸರಳ. ಹೊಲದಲ್ಲಿ "ಬಾ" ಅಂದಾಗಲೆಲ್ಲ ಬೆಲ್ಟ್ ಬಿತ್ತು, ಓಡಾಟ ಮುಗೀತು. ನಾಯಿ ಸರಿಯಾಗೇ ಲೆಕ್ಕ ಹಾಕಿದೆ. ಸವೆದು ಹೋದ ಆ "ಬಾ"ನ ರಿಪೇರಿ ಮಾಡೋಕೆ ಹೋಗಬೇಡಿ, ಹೊಸ ಸದ್ದು ತನ್ನಿ: ಒಂದು ಸೀಟಿ, ಪ್ರತಿ ಸಲ ಮೂರು ಚಿಕ್ಕ ಊದು. ಸಿಟ್ಟು ಬಂದರೂ ಸೀಟಿಯ ದನಿ ಬದಲಾಗಲ್ಲ, ಅದೇ ಅದರ ಲಾಭ.

ಮೊದಲ ವಾರ ಮನೆಯೊಳಗೆ ಮಾತ್ರ. ನಾಯಿ ನಿಮ್ಮ ಪಕ್ಕದಲ್ಲೇ ಇರುವಾಗ ಊದಿ, ತಕ್ಷಣ ಬೇಯಿಸಿದ ಕೋಳಿ ಅಥವಾ ಲಿವರ್ ತುಂಡು ಕೊಡಿ, ಬಟಾಣಿ ಗಾತ್ರದ್ದು. ದಿನಕ್ಕೆ ಹತ್ತು ಹದಿನೈದು ಸಲ, ಬೇರೆ ಬೇರೆ ಹೊತ್ತಲ್ಲಿ. ಆ ತುಂಡು ಸೀಟಿಗೆ ಬಿಟ್ಟು ಬೇರೆ ಯಾವುದಕ್ಕೂ ಸಿಗಬಾರದು. ಉಪ್ಪು ಖಾರ ಬೇಡ, ಈರುಳ್ಳಿ ಸೋಕಲೇಬಾರದು, ಬೇಯಿಸಿದ ಮೂಳೆ ಬೇಡ. ದಿನದ ಊಟದಲ್ಲಿ ಅಷ್ಟು ಕಡಿಮೆ ಮಾಡಿ.

ಸೀಟಿಗೆ ತಲೆ ತಟ್ಟನೆ ತಿರುಗಿದರೆ ಹಗ್ಗಕ್ಕೆ ಹೋಗಿ. 15 ಮೀಟರ್, 8ರಿಂದ 10 ಮಿ.ಮೀ. ದಪ್ಪ, ತುದಿಯಲ್ಲಿ ಕುಣಿಕೆ ಇರಕೂಡದು. ಹತ್ತಿ ಕಟ್ಟಿಗೆಯ ಕೂಳೆಗೆ ಸಿಕ್ಕಿಕೊಳ್ಳುತ್ತೆ. ಕೊಕ್ಕೆ ಹಾರ್ನೆಸ್‌ನ (ಎದೆ, ಬೆನ್ನು ಸುತ್ತಿ ಹಾಕೋ ಪಟ್ಟಿ) ಬೆನ್ನ ಮೇಲೆ ಬೀಳಬೇಕು, ಕೊರಳಪಟ್ಟಿಗೆ ಎಂದೂ ಬೇಡ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ನಾಯಿ 15 ಮೀಟರ್ ಮುಗಿಸೋಕೆ ಒಂದೂವರೆ ಸೆಕೆಂಡೂ ಬೇಡ. ಆ ಜಗ್ಗು ಕೊರಳಿಗೆ ಬಿದ್ದರೆ ಕುತ್ತಿಗೆ ಹೋಗುತ್ತೆ. ಅದಕ್ಕೇ ಸಡಿಲ ಮೂರು ನಾಲ್ಕು ಮೀಟರ್ ಮಾತ್ರ ಬಿಡಿ. ಕೈಗೆ ಗ್ಲೌಸ್ ಹಾಕಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಹೊಲದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ಮತ್ತೆ ಓಡಾಡೋಕೆ ಬಿಡಿ. ಬಂತು, ಕೊರಳಪಟ್ಟಿ ಮುಟ್ಟಿ, ಆಮೇಲೆ ತುಂಡು ಕೊಡಿ, "ಹೋಗು" ಅನ್ನಿ. ಮುಟ್ಟೋದು ಮೊದಲು, ತುಂಡು ಆಮೇಲೆ. ಉಲ್ಟಾ ಮಾಡಿದರೆ ತುಂಡು ತಿಂದು ಜಾರಿಕೊಳ್ಳೋದು ಕಲಿಯುತ್ತೆ. ಕರೆಯದೆ ತಾನಾಗಿ ತಿರುಗಿ ನೋಡಿದರೂ ತುಂಡು ಕೊಡಿ. ಒಂದು ಸಲ ಊದಿ ಬರದಿದ್ದರೆ ಮತ್ತೆ ಮತ್ತೆ ಊದಬೇಡಿ. ಎದುರು ದಿಕ್ಕಿಗೆ ಓಡಿ. ಬೆನ್ನಟ್ಟೋದಂತೂ ಬೇಡವೇ ಬೇಡ, ಅದು ನಾಯಿಗೆ ಆಟ. ತಡವಾಗಿ ಬಂದರೂ ಬೈಯಬೇಡಿ.

ಕರೆಂಟ್ ಬೆಲ್ಟ್ ಬೇಡ. ಶಾಕ್ ಬಿದ್ದ ಕ್ಷಣ ನಾಯಿಯ ಕಣ್ಣೆದುರು ಕುರಿ ಇದ್ದರೆ ಕುರಿ ಮೇಲೆ, ಮಗು ಇದ್ದರೆ ಮಗು ಮೇಲೆ ಸಿಟ್ಟು ಕೂರಬಹುದು. ಹೆದರಿ ಇನ್ನೂ ದೂರ ಓಡೋ ನಾಯಿಗಳೂ ಇವೆ.

ಉಣುಗು:
ಇದರ ಜೊತೆ ಆರೋಗ್ಯದ ಕಡೆ ನಾಲ್ಕು ಮಾತು. ರೇಬಿಸ್ ಚುಚ್ಚುಮದ್ದು ವರ್ಷಕ್ಕೊಮ್ಮೆ ತಪ್ಪಬಾರದು. ಹೊಲದಿಂದ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣುಗು ನೋಡಿ. ಉಣುಗಿನ ಜ್ವರ ಬಂದ ನಾಯಿ ಊಟ ಬಿಟ್ಟು ಮಂಕಾಗುತ್ತೆ, ಕರೆದರೂ ಏಳಲ್ಲ, ಅದನ್ನ ಹಟ ಅಂತಾರೆ. ನೆಗ್ಗಿಲು ಮುಳ್ಳೂ ಹಂಗೇ. ಅರ್ಧ ದಾರಿಯಲ್ಲಿ ನಿಂತು ಒಂದು ಕಾಲು ಎತ್ತಿ ನೆಕ್ಕುತ್ತಿದ್ದರೆ ಸೀಟಿ ಊದಬೇಡಿ, ಹೋಗಿ ಮುಳ್ಳು ತೆಗೀರಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ಆಪರೇಷನ್‌ನಿಂದ ಹೆಣ್ಣುನಾಯಿ ಹುಡುಕಿ ಅಲೆಯೋದು ಕಡಿಮೆ ಆಗಬಹುದು, ಮೊಲದ ಚಟ ಹೋಗಲ್ಲ.

ಎರೆಹೊಲ:
ಹಗ್ಗದ ಮ್ಯಾಲೆ ಚಲೋ ನಡದೈತ್ರಿ. ಆದ್ರ ಕುರಿ ಹಿಂಡು ಕಂಡ್ರ ಕೋಳಿ ತುಂಡು ಮೂಗಿಗೆ ಹಿಡಿದ್ರೂ ಮೂಸಂಗಿಲ್ಲ.

ಸೀಟಿ:
ತುಂಡು ಬೇಡ ಅಂದರೆ ಹಿಂಡು ತೀರಾ ಹತ್ತಿರ ಇದೆ ಅಂತ. ತಿನ್ನೋವಷ್ಟು ದೂರಕ್ಕೆ ಹಿಂದೆ ಸರೀರಿ, ಇನ್ನೂರು ಮೀಟರ್ ಆದರೂ ಆಗಲಿ. ಅಲ್ಲಿ ಹತ್ತಕ್ಕೆ ಒಂಬತ್ತು ಸಲ ತಿರುಗಿದ ಮೇಲೆ ಹತ್ತಿಪ್ಪತ್ತು ಮೀಟರ್ ಮುಂದೆ ಬನ್ನಿ. ದೂರ ಕಡಿಮೆ ಮಾಡೋ ದಿನ ಹಗ್ಗ ಉದ್ದ ಮಾಡಬೇಡಿ.

ಊದೋ ಹೊತ್ತು ಮುಖ್ಯ. ಮೊದಲು ಕಿವಿ ನಿಮಿರುತ್ತೆ, ಮೂತಿ ಒಂದೇ ಕಡೆ ನಿಲ್ಲುತ್ತೆ, ಬಾಯಿ ಮುಚ್ಚುತ್ತೆ, ಮುಂಗಾಲು ಮೇಲೇಳುತ್ತೆ. ಊದೋದು ಆಗ. ಹಿಂಗಾಲು ನೆಲ ಒದ್ದ ಮೇಲೆ ಊದಿದರೆ ಸೀಟಿಯನ್ನ ಹಾಳು ಮಾಡಿದ ಹಾಗೆ. ತಿರುಗಿ ಬಂದಾಗ ಆ ನಾಯಿಗೆ ತುಂಡು ಸಾಲದು, ಓಟ ಬೇಕು: ಐದಡಿ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ. ನೆಲದ ಮೇಲೆ ಎಳೆದು ಅರ್ಧ ನಿಮಿಷ ಅಟ್ಟಿಸಿ, ಹಿಡಿಯೋಕೆ ಬಿಡಿ.

ಎರೆಹೊಲ:
ಹಗ್ಗ ಯಾವಾಗ ಬಿಚ್ಚಲಿ? ಜಿಪಿಎಸ್ ಹಾಕಿದ್ರ ನಡೀತೈತೇನು?

ಸೀಟಿ:
ತಿಂಗಳುಗಟ್ಟಲೆ ಕೆಲಸ ಇದು. ಮೊದಲು ಹಗ್ಗ ಕೈಯಿಂದ ಬಿಟ್ಟು ನೆಲದ ಮೇಲೆ ಎಳೆದುಕೊಂಡು ಓಡಾಡಲಿ, ಬೇಲಿ ಇರೋ ಜಾಗದಲ್ಲಿ. ಆಮೇಲೆ 5 ಮೀಟರ್, ಆಮೇಲೆ ಒಂದು ಮೀಟರ್ ತುಂಡು, ಆಮೇಲೆ ಬರಿ ಪಟ್ಟಿ. ಒಂದು ಸಲ ಕೈ ಕೊಟ್ಟರೆ ಹಿಂದಿನ ಹಂತಕ್ಕೆ ವಾಪಸ್.

ಜಿಪಿಎಸ್‌ಗೆ ಸಿಮ್ ಇರೋದೇ ತಗೊಳ್ಳಿ, ನಿಮ್ಮ ಹೊಲದಲ್ಲಿ ಯಾವ ನೆಟ್‌ವರ್ಕ್ ಸಿಗುತ್ತೆ ನೋಡಿಕೊಂಡು. ಸುತ್ತಲಿನ ಜನರ ಫೋನ್ ನಂಬಿಕೊಂಡು ಕೆಲಸ ಮಾಡೋ ಚಿಕ್ಕ ಟ್ಯಾಗ್ ಖಾಲಿ ಹೊಲದಲ್ಲಿ ದಂಡ. ಎರಡೂ ನಾಯಿನ ನಿಲ್ಲಿಸಲ್ಲ, ಎಲ್ಲಿದೆ ಅಂತ ಹೇಳುತ್ತವೆ ಅಷ್ಟೇ.

ನಿಮ್ಮ ಕಡೆ ಚಿಗರಿ, ನವಿಲು ಎರಡೂ ಇವೆ. ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ. ನಾಯಿ ಹಿಡಿದರೆ ಅರಣ್ಯ ಇಲಾಖೆಗೆ ಉತ್ತರ ಹೇಳೋರು ನೀವು. ಮುಸ್ಸಂಜೆ, ನಸುಕು, ರಸ್ತೆ ಹತ್ತಿರ, ಹಂದಿಗೆ ಅಂತ ಉರುಳು ಇಲ್ಲವೇ ಸಿಡಿಮದ್ದು ಇಡೋ ಜಾಗ: ಇಲ್ಲೆಲ್ಲ ಎಷ್ಟೇ ಕಲಿತ ನಾಯಿಗೂ ಹಗ್ಗ ಇರಲಿ. ಪೂರ್ತಿ ಬಿಟ್ಟು ಓಡಿಸೋಕೆ ಅರ್ಧ ಎಕರೆಗೆ ಆರಡಿ ಜಾಲರಿ ಬೇಲಿ ಹಾಕಿಸಿ, ಬುಡ ಒಂದಡಿ ನೆಲದೊಳಗೆ ಹೋಗಲಿ.